ಶೆಟ್ಟರು ಸಾಯಲೊಲ್ಲರು

ಕಾದಂಬರಿ ತನ್ನಷ್ಟಕ್ಕೆ ತಾನೇ ಬರೆಸಿಕೊಂಡು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಆ ಮನುಷ್ಯನನ್ನು ನಂಬುವುದಿಲ್ಲ. ಒಂದೋ ಅವನು ಕಾದಂಬರಿಯನ್ನೇ ಬರೆದಿಲ್ಲ, ಇಲ್ಲವೇ ಬೇರೆ ಯಾರದನ್ನೋ ನೋಡಿಕೊಂಡು ಬರೆದಿದ್ದಾನೆ. ನನ್ನ ಸ್ವಭಾವವೇ ಹೀಗೆ. ಹೊರಗೆ ಬಿಸಿಲು ಜೋರಾಗಿದೆ ಎಂದು ಯಾರಾದರೂ ಅಂದರೆ ಒಮ್ಮೆ ಎದ್ದು ಹೋಗಿ ನೋಡಿಕೊಂಡು ಬಂದು, ಆಮೇಲೆ ಹೌದೆನ್ನುತ್ತೇನೆ. ಇದಕ್ಕೆಲ್ಲ ಮೂಲ ಮೈಸೂರಿನಲ್ಲಿ ಓದುತ್ತಿದ್ದಾಗಿನ ಚರ್ಚಾಕೂಟ. ಅಲ್ಲಿ ಒಂದು ವರ್ಷ ಯಂತ್ರಗಳಿಂದ ದೇಶಕ್ಕೆ ಕೇಡೆಂದು ವಾದಿಸಿ ಬೆಳ್ಳಿಯ ಬಟ್ಟಲು ಗೆದ್ದೆ. ಮರುವರ್ಷ ಯಂತ್ರಗಳಿಂದಲೇ ದೇಶದ ಉದ್ಧಾರವೆಂದು ವಾದಿಸಿ ಇನ್ನೊಂದು ಗೆದ್ದೆ. ಎರಡೂ ಬಟ್ಟಲುಗಳು ಮನೆಯಲ್ಲಿವೆ. ಒಂದರಲ್ಲಿ ಅರಿಶಿನ, ಇನ್ನೊಂದರಲ್ಲಿ ಕುಂಕುಮ. ದೇಶದ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಓದು ಮುಗಿಸಿ ಮದ್ದೂರಿಗೆ ಮೇಷ್ಟರಾಗಿ ಬಂದೆ. ಇಲ್ಲಿ ವಾದಕ್ಕೆ ಎದುರಾಳಿಗಳೇ ಇರಲಿಲ್ಲ. ಹುಡುಗರು ನಾನು ಏನು ಹೇಳಿದರೂ ತಲೆಯಾಡಿಸುತ್ತಿದ್ದರು. ಹೆಂಡತಿ ಸಾವಿತ್ರಿ ತಲೆಯನ್ನೂ ಆಡಿಸದೆ ಒಳಗೆ ಹೋಗುತ್ತಿದ್ದಳು. ಹೀಗಾಗಿ ನನ್ನ ವಾದಗಳನ್ನೆಲ್ಲ ನಾನೇ ಸೃಷ್ಟಿಸಿದ ಜನರ ಬಾಯಲ್ಲಿ ಹಾಕುವುದೆಂದು ಒಂದು ಪತ್ತೇದಾರಿ ಕಾದಂಬರಿಗೆ ಕೈಹಚ್ಚಿದೆ. ಒಬ್ಬ ಶ್ರೀಮಂತ ವರ್ತಕ, ಹೆಸರು ಶೆಟ್ಟರು, ಅವರ ಕೊಲೆ, ಸುತ್ತ ಅನುಮಾನಕ್ಕೆ ಯೋಗ್ಯರಾದ ಹಲವು ಮಂದಿ. ಕಥೆಯನ್ನು ಮಳವಳ್ಳಿಯಲ್ಲಿಟ್ಟೆ. ಅಲ್ಲಿ ನನಗೆ ಯಾರ ಪರಿಚಯವೂ ಇರಲಿಲ್ಲ. ಪರಿಚಯವಿಲ್ಲದ ಊರಿನಲ್ಲಿ ಕೊಲೆ ಮಾಡಿಸುವುದು ಸುಲಭ.

ಸುಲಭವೆಂದುಕೊಂಡದ್ದೇ ತಪ್ಪಾಯಿತು. ಕೊಲೆಗಾರ ಯಾರೆಂದು ನಿಶ್ಚಯಿಸಲು ಕುಳಿತರೆ ಚರ್ಚಾಕೂಟ ಅಡ್ಡ ಬರುತ್ತಿತ್ತು. ಶೆಟ್ಟರ ಅಕ್ಕನ ಮಗನೇ ಕೊಂದನೆಂದು ಬೆಳಿಗ್ಗೆ ಸಾಧಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಅವನ ಪರವಾಗಿ ನಾನೇ ಎದ್ದು ನಿಂತು ಬಿಡುಗಡೆ ಮಾಡಿಸುತ್ತಿದ್ದೆ. ಒಬ್ಬನನ್ನು ಬಿಡಿಸಿದಾಗಲೆಲ್ಲ ಇನ್ನಿಬ್ಬರನ್ನು ಹಿಡಿಯಬೇಕಾಗುತ್ತಿತ್ತು. ಕಡೆಗೆ ಎಲ್ಲರೂ ಒಂದೊಂದು ಕಾರಣ ಹಿಡಿದುಕೊಂಡು ಅಂಗಡಿಯ ಸುತ್ತ ನಿಂತಿದ್ದಾರೆ, ಶೆಟ್ಟರು ಒಳಗೆ ನಿಶ್ಚಿಂತೆಯಾಗಿ ಅಕ್ಕಿ ಅಳೆಯುತ್ತಿದ್ದಾರೆ, ಮುಂದೆ ಒಂದು ಸಾಲೂ ಹೊರಡದು ಎನ್ನುವಲ್ಲಿಗೆ ಬಂದು ಕಥೆ ನಿಂತಿತು.

ನಿಲ್ಲಲಿ ಎಂದು ಬಿಡುವ ಹಾಗಿರಲಿಲ್ಲ. ಯುದ್ಧದ ಕಾಲ, ಅಕ್ಕಿ, ಸಕ್ಕರೆ, ಸೀಮೆಎಣ್ಣೆಗಳ ಜೊತೆಗೆ ಕಾಗದವೂ ಕಣ್ಮರೆಯಾಗಿತ್ತು. ಮಂಡ್ಯದಲ್ಲಿ ಅಚ್ಚುಕೂಟವಿಟ್ಟಿದ್ದ ಇಮಾಂ ಸಾಹೇಬರು ಹೇಗೋ ಒಂದಿಷ್ಟು ಕಾಗದ ಉಳಿಸಿಕೊಂಡಿದ್ದರು. ನನ್ನ ಮೇಲಿನ ವಿಶ್ವಾಸದಿಂದ ಅದನ್ನು ನನ್ನ ಕಾದಂಬರಿಗೆಂದು ಎತ್ತಿಟ್ಟಿದ್ದರು.

“ನೋಡಿ ಮೇಷ್ಟ್ರೇ, ದೀಪಾವಳಿಗಂಟ ಈ ಕಾಗ್ದ ನಿಮ್ದು,” ಎಂದಿದ್ದರು. “ಅಷ್ಟರೊಳಗೆ ತರ್ನಿಲ್ಲ ಅಂದ್ರೆ ಬೀಡಿ ಲೇಬಲ್ನೋರು ಕಾಯ್ತಾವ್ರೆ. ಅವರ್ದು ಕತೆ ಗಿತೆ ಏನೂ ಇಲ್ಲ, ಬರೀ ಒಂದು ಹುಲಿ. ಬೇಗ ಮುಗೀತದೆ.”

ಮೇಷ್ಟರ ಕಾದಂಬರಿ ಬರುತ್ತದೆಂದು ಆ ವೇಳೆಗಾಗಲೇ ಊರಿಗೆಲ್ಲ ತಿಳಿದಿತ್ತು. ತಿಳಿಸಿದವನು ನಾನೇ. ಈಗ ನನ್ನ ಕಾಗದದ ಮೇಲೆ ಹುಲಿ ಕುಳಿತು, ಬೀಡಿ ಕಟ್ಟಿನ ಮೇಲೆ ಊರೆಲ್ಲ ತಿರುಗಿದರೆ ನಾನು ತಲೆಯೆತ್ತಿ ನಡೆಯುವಂತಿರಲಿಲ್ಲ.

ಕಥೆಯ ಸಿಕ್ಕನ್ನು ಎಲ್ಲಾದರೂ ಬರೆದು ಬಿಡಿಸೋಣವೆಂದರೆ, ಹಸ್ತಪ್ರತಿಗೆಂದು ಕೂಡಿಟ್ಟ ಹಾಳೆಗಳನ್ನು ಬಿಟ್ಟು ಬೇರೆ ಕಾಗದವಿಲ್ಲ. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದೆ. ಹಬ್ಬ ಬಂತೆಂದು ಸಾವಿತ್ರಿ ಸುಣ್ಣ ಬಳಿಸಿಬಿಟ್ಟಳು. ಅದೇ ವೇಳೆಗೆ ನವರಾತ್ರಿಗೆಂದು ಅಮ್ಮ ನಮ್ಮೂರಾದ ದುದ್ದದಿಂದ ಬೊಂಬೆಗಳ ಪೆಟ್ಟಿಗೆಯೊಡನೆ ಗಾಡಿಯಲ್ಲಿ ಬಂದಿಳಿದಳು. ಅಪ್ಪ ಶಾನುಭೋಗಿಕೆ ನೋಡಿಕೊಂಡು ಅಲ್ಲೇ ಉಳಿದರು. ಅಮ್ಮ ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ, ಬಿಳಿಯ ಪಂಚೆ ಹಾಸಿ, ಮೇಲೆ ಪಟ್ಟದ ರಾಜ ರಾಣಿಯರನ್ನು ಕೂರಿಸಿ, ಕೆಳಗೆ ಅಕ್ಕಿ ಬೇಳೆಗಳ ಸಣ್ಣ ಸಣ್ಣ ಗುಡ್ಡೆಗಳ ಮುಂದೆ ಶೆಟ್ಟಿ ಶೆಟ್ಟಿತಿಯರನ್ನು ಇಟ್ಟಳು. ನಾನು ನೋಡುತ್ತ ನಿಂತೆ. ನನ್ನ ಕಥೆಯ ಜನರೆಲ್ಲ ಮೈತೊಳೆದುಕೊಂಡು ಬಂದು ಸಾಲಾಗಿ ಕುಳಿತಂತೆ ಕಂಡಿತು.

ಆ ಸಂಜೆಯಿಂದಲೇ ಕೆಲಸಕ್ಕೆ ತೊಡಗಿದೆ. ದೇವರುಗಳನ್ನು ಕಥೆಗೆ ಎಳೆಯಕೂಡದೆಂದು ಅಮ್ಮ ಮೊದಲೇ ಷರತ್ತು ಹಾಕಿದಳು. ಉಳಿದವರಿಗೆ ಕೊರತೆಯಿರಲಿಲ್ಲ. ಮದುವಣಿಗ ಬೊಂಬೆ ಶೆಟ್ಟರ ಅಕ್ಕನ ಮಗನಾದ. ಹಾವಾಡಿಗ ವಿಷದ ವ್ಯವಹಾರಕ್ಕೆ ಒದಗಿದ. ಕೋವಿ ಹಿಡಿದ ಸಿಪಾಯಿ ಇನ್‌ಸ್ಪೆಕ್ಟರಾದ. ಮುಟ್ಟಿದರೆ ತಲೆಯಾಡಿಸುವ ಮುದುಕನೊಬ್ಬನಿದ್ದ. ಏನು ಕೇಳಿದರೂ ಹೌದೆನ್ನುವ ಸಾಕ್ಷಿಯಾಗಿ ಅವನನ್ನು ನೇಮಿಸಿದೆ. ಯಾರ ಮುಖ ಯಾರ ಕಡೆಗಿದೆಯೋ ಅವರಿಗೆ ಅವರ ಮೇಲೆ ಅನುಮಾನ, ಇದು ನನ್ನ ಕ್ರಮ. ಒಂದೆರಡು ದಿನಗಳಲ್ಲಿ ಒಂದು ಬೊಂಬೆಯೂ ಜನರ ಕಡೆ ಮುಖಮಾಡಿ ಕೂರಲಿಲ್ಲ. ಕುಂಕುಮಕ್ಕೆ ಬಂದ ಹೆಂಗಸರು, “ಇದೇನ್ರೀ ಸಾವಿತ್ರಮ್ಮ, ನಿಮ್ಮನೆ ಬೊಂಬೆಗಳೆಲ್ಲ ಜಗಳ ಆಡ್ಕೊಂಡಿದಾವಾ?” ಎಂದು ಕೇಳಿದರು.

“ಅವರ ಕಾದಂಬರಿಯಂತೆ,” ಎಂದಳು ಸಾವಿತ್ರಿ. ರೇಷನ್ನಿನ ಸಕ್ಕರೆಯಲ್ಲಿ ಮಾಡಿದ ಮಿಠಾಯಿಯ ಚೂರನ್ನು ಕೊಡುವಾಗಲೂ ಅವಳ ದನಿ ಹಾಗೇ ಇರುತ್ತಿತ್ತು, ನೀವೇ ಅರ್ಥಮಾಡಿಕೊಳ್ಳಿ ಎಂಬಂತೆ.

ದಿನವೂ ಬೆಳಿಗ್ಗೆ ನಿಡಘಟ್ಟದಿಂದ ಹಾಲು ತರುತ್ತಿದ್ದ ಕೆಂಪಮ್ಮ ಬಾಗಿಲಲ್ಲೇ ನಿಂತು ಬೊಂಬೆ ನೋಡುತ್ತಿದ್ದಳು. “ಆ ಮೊಸ್ರು ಮಾರೋಳು ಯಾಕ್ ಬುದ್ಧಿ ಹಾವಿನವ್ನ ಪಕ್ಕ ಬಂದವ್ಳೆ?” ಎಂದು ಒಂದು ದಿನ ಕೇಳಿದಳು.

“ಅವಳ ಮೇಲೂ ಸ್ವಲ್ಪ ಅನುಮಾನವಿದೆ,” ಎಂದೆ.

“ಏನಂತ? ನೀರು ಬೆರೆಸಿದ್ಲು ಅಂತಲಾ, ಕೊಲೆ ಮಾಡುದ್ಲು ಅಂತಲಾ?”

ಇಷ್ಟಾದ ಮೇಲೆ ಒಂದು ಸಂಜೆ, ಬಂದವರೆಲ್ಲ ಹೋದ ಮೇಲೆ, ಧೈರ್ಯ ಮಾಡಿ ಶೆಟ್ಟರನ್ನು ಕೊಂದೆ. ಎಂದರೆ, ಅಕ್ಕಿಯ ಗುಡ್ಡೆಯ ಪಕ್ಕದಲ್ಲಿ ಅಂಗಾತ ಮಲಗಿಸಿದೆ. ಯಾರು ಕೊಂದರೆಂಬುದನ್ನು ನಾಳೆ ನೋಡಿಕೊಂಡರಾಯಿತು, ಮೊದಲು ಹೆಣ ಬೀಳಲಿ ಎಂದು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಕಾಫಿಯ ಲೋಟ ಹಿಡಿದುಕೊಂಡು ಬಂದು ನೋಡಿದರೆ ಶೆಟ್ಟರು ಎದ್ದು ಕುಳಿತು ವ್ಯಾಪಾರ ನಡೆಸುತ್ತಿದ್ದಾರೆ. ಸಂಜೆ ಮತ್ತೆ ಕೊಂದೆ. ಬೆಳಿಗ್ಗೆ ಮತ್ತೆ ಎದ್ದರು.

ನನ್ನ ಕಾದಂಬರಿಯನ್ನು ಯಾರೋ ಕೆಡಿಸುತ್ತಿದ್ದಾರೆ ಎನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ಮೊದಲು ಸಾವಿತ್ರಿಯನ್ನು ಹಿಡಿದೆ. ಕಥೆ ಪೂರ್ತಿ ತಿಳಿದಿದ್ದವಳು ಅವಳೊಬ್ಬಳೇ. ಮೇಲಾಗಿ ನಾನು ಬರೆಯಲು ಕುಳಿತಾಗಲೆಲ್ಲ ಅವಳಿಗೆ ತೆಂಗಿನಕಾಯಿ ಸುಲಿಯುವ ಕೆಲಸ ನೆನಪಾಗುತ್ತಿತ್ತು. ಆದರೆ ಆಕೆಗೆ ಶೆಟ್ಟರ ಮೇಲೆ ವಿಶೇಷ ಪ್ರೀತಿಯಿದ್ದಂತೆ ಕಾಣಲಿಲ್ಲ. ಎರಡನೆಯವರು ಪಕ್ಕದ ಮನೆಯ ಪಂಡಿತರು. ನಮ್ಮ ಶಾಲೆಯಲ್ಲೇ ಕನ್ನಡ ಹೇಳುತ್ತಿದ್ದರು. ಬೊಂಬೆ ನೋಡುವ ನೆವದಿಂದ ಮಕ್ಕಳ ಹಿಂದೆ ದಿನವೂ ಬರುತ್ತಿದ್ದರು. ದೊಡ್ಡ ಗಂಡಸಿಗೆ ದಿನವೂ ಬೊಂಬೆ ನೋಡುವುದೆಂದರೇನು? ಅಲ್ಲದೆ ಶಾಲೆಯಲ್ಲಿ ಒಮ್ಮೆ, “ಕೊಂದೋರು ಯಾರು ಸ್ವಾಮಿ?” ಎಂದು ತೀರ ಮೆತ್ತಗೆ ಕೇಳಿದ್ದರು.

“ಅದನ್ನು ಈಗಲೇ ಹೇಳಿಬಿಟ್ಟರೆ ನೀವು ಪುಸ್ತಕ ಕೊಳ್ಳುತ್ತೀರಾ?” ಎಂದಿದ್ದೆ.

“ಹೇಳದೆ ಇದ್ದರೂ ಕೊಳ್ಳೋದಿಲ್ಲ. ನಿಮ್ಮ ಹತ್ತಿರಾನೇ ಎರವಲು ತಗೋತೀನಿ,” ಎಂದಿದ್ದರು. ಇಷ್ಟು ನಿಸ್ಸಂಕೋಚವಾಗಿ ಮಾತಾಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆಂದೇ ನನ್ನ ಅನುಭವ.

ವಾದಕ್ಕಿಂತ ಪುರಾವೆ ಲೇಸೆಂದು ಒಂದು ಉಪಾಯ ಹೂಡಿದೆ. ಸಂಜೆ ಶೆಟ್ಟರನ್ನು ಕೊಂದು, ಅವರ ಪೇಟದ ಮೇಲೆ, ಭುಜದ ಮೇಲೆ ನನ್ನ ಬೆಳ್ಳಿ ಬಟ್ಟಲಿನಿಂದ ಕುಂಕುಮ ತೆಗೆದು ಉದುರಿಸಿದೆ. ಎತ್ತಿ ಕೂರಿಸಿದ ಕೈ ಕೆಂಪಾಗಲೇಬೇಕು. ಇಷ್ಟು ಸರಳವಾದ ಉಪಾಯ ನನ್ನ ಇನ್‌ಸ್ಪೆಕ್ಟರಿಗೂ ಹೊಳೆದಿರಲಿಲ್ಲ.

ಬೆಳಿಗ್ಗೆ ಶೆಟ್ಟರು ಎಂದಿನಂತೆ ಎದ್ದಿದ್ದರು. ನಾನು ಎಲ್ಲರನ್ನೂ ಕರೆದು ಕೈ ತೋರಿಸಲು ಹೇಳಿದೆ. ಸಾವಿತ್ರಿಯ ಬೆರಳುಗಳು ಕೆಂಪು; ಅದೇ ತಾನೆ ಪೂಜೆ ಮುಗಿಸಿದ್ದಳು. ಅಮ್ಮನ ಬೆರಳುಗಳು ಕೆಂಪು. ಹೊಸಿಲಿಗೆ ಕುಂಕುಮ ಇಟ್ಟು ಬಂದಿದ್ದಳು. ಪತ್ರಿಕೆ ಕೇಳಲು ಬಂದ ಪಂಡಿತರ ಬೆರಳೂ ಕೆಂಪು. ಆಗಷ್ಟೇ ನಾಮ ಎಳೆದುಕೊಂಡಿದ್ದರು. ಬಾಗಿಲಲ್ಲಿದ್ದ ಕೆಂಪಮ್ಮನಿಗೆ ಹಬ್ಬವೆಂದು ಅಮ್ಮ ಆಗಷ್ಟೇ ಕುಂಕುಮ ಕೊಟ್ಟಿದ್ದಳು. ಅವಳು ಎರಡು ಕೈಯನ್ನೂ ಅಗಲಿಸಿ ಹಿಡಿದು, “ನೋಡ್ಕಳಿ ಬುದ್ಧಿ, ನಮ್ದೂ ಕೆಂಪಗದೆ. ಈಗ ಯಾರ್ನ ಹಿಡ್ಕೊಂಡೋಯ್ತೀರಿ?” ಎಂದಳು.

“ನಿಮ್ಮದನ್ನೂ ತೋರಿಸಿ,” ಎಂದಳು ಸಾವಿತ್ರಿ. ತೋರಿಸಿದೆ. ಎಲ್ಲರದಕ್ಕಿಂತ ಕೆಂಪಗಿತ್ತು.

ನವರಾತ್ರಿಯಲ್ಲಿ ಕುಂಕುಮದಿಂದ ಕಳ್ಳನನ್ನು ಹಿಡಿಯಹೊರಟ ಮನುಷ್ಯ ಮೈಸೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

“ಏನೋ ಶಾಮು ಇದು, ಬೆಳಬೆಳಿಗ್ಗೆ ಎಲ್ಲರ ಕೈ ನೋಡ್ತಿದೀಯಾ? ಶಾಸ್ತ್ರ ಹೇಳೋದು ಯಾವಾಗ ಕಲಿತೆ?” ಎಂದಳು ಅಮ್ಮ.

“ಶೆಟ್ಟರನ್ನ ದಿನಾ ಯಾರೋ ಎತ್ತಿ ಕೂರಿಸ್ತಿದಾರೆ.”

“ಯಾರೋ ಯಾಕೆ, ನಾನೇ.”

ನಾನು ತಬ್ಬಿಬ್ಬಾದೆ. ಅಪರಾಧಿ ಹೀಗೆ ಮೊದಲ ಪ್ರಶ್ನೆಗೇ ಒಪ್ಪಿಕೊಂಡರೆ ಮುಂದಿನ ಪ್ರಶ್ನೆಗಳನ್ನು ಏನು ಮಾಡುವುದು? “ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?” ಎಂದೆ.

“ನೀನು ಕೇಳಿದ್ಯಾ? ಕೇಳಿದ್ರೆ ಹೇಳ್ತಿದ್ದೆ. ನೀನು ಬರೀ ಅನುಮಾನ ಪಟ್ಕೊಂಡು ಓಡಾಡ್ತಿದ್ದೆ.”

ವಿಷಯ ಇಷ್ಟೇ. ವಿಜಯದಶಮಿಯ ರಾತ್ರಿ ಆರತಿ ಮಾಡಿ ಬೊಂಬೆ ಮಲಗಿಸಬೇಕು. ಅದಕ್ಕೆ ಮುಂಚೆ ಪಟ್ಟದಲ್ಲಿ ಕೂತ ಯಾವ ಬೊಂಬೆಯೂ ಮಲಗಕೂಡದು, ಅದು ಮನೆಗೆ ಒಳ್ಳೆಯದಲ್ಲ. ನಾನು ವಾದಕ್ಕೆ ನಿಂತೆ. ಶೆಟ್ಟರು ಮಲಗಿಲ್ಲ, ಸತ್ತಿದ್ದಾರೆ, ಎರಡಕ್ಕೂ ವ್ಯತ್ಯಾಸವಿದೆ ಎಂದೆ. ಅಮ್ಮನ ಮುಖ ನೋಡಿ, ಇದು ನನ್ನ ಪಕ್ಷಕ್ಕೆ ಅನುಕೂಲವಾದ ಮಾತಲ್ಲವೆಂದು ಕೂಡಲೇ ತಿಳಿಯಿತು.

“ನವರಾತ್ರೀಲಿ ಮುತ್ತೈದೆಯರು ಕುಂಕುಮಕ್ಕೆ ಬರೋ ಮನೇಲಿ ಶೆಟ್ಟಿತಿ ಕುಂಕುಮ ಅಳಿಸ್ತೀಯಾ? ನಿನ್ನ ಶೆಟ್ಟಿ ವಿಜಯದಶಮಿ ತನಕ ಸಾಯಕೂಡದು. ಬೇಕಾದ್ರೆ ನಿನ್ನ ಕತೇನೇ ಬದಲಾಯಿಸ್ಕೋ.”

ಮೊದಲಲ್ಲೇ ಕೊಲೆಯಾಗದ ಪತ್ತೇದಾರಿ ಕಾದಂಬರಿ ಎಲ್ಲಾದರೂ ಉಂಟೆ? ಆದರೆ ನನ್ನ ಬಳಿ ಬೇರೆ ಬೊಂಬೆಗಳಿರಲಿಲ್ಲ, ಬೇರೆ ಅಮ್ಮನೂ ಇರಲಿಲ್ಲ. ಶೆಟ್ಟರು ಬದುಕಿದರು. ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ವಿಜಯದಶಮಿಯ ದಿನ ಆರತಿಯಾದ ಮೇಲೆ ಅಮ್ಮ ಮೊದಲು ರಾಜ ರಾಣಿಯರನ್ನು, ಆಮೇಲೆ ಶೆಟ್ಟರನ್ನು, ಮಗುವನ್ನು ಮಲಗಿಸುವ ಹಾಗೆ ತಲೆಯ ಕೆಳಗೆ ಕೈಕೊಟ್ಟು ಮಲಗಿಸಿದಳು. ಹಾವಾಡಿಗ, ಸಿಪಾಯಿ, ಅಕ್ಕನ ಮಗ ಎಲ್ಲರೂ ಒಬ್ಬರನ್ನೊಬ್ಬರು ದಿಟ್ಟಿಸುತ್ತಲೇ ಇದ್ದರು. ಮಲಗಿದವರ ಕಡೆ ಒಬ್ಬನ ಮುಖವೂ ಇರಲಿಲ್ಲ. ಕಥೆ ಸಿಕ್ಕಿತು ಅನ್ನಿಸಿತು. ಅಲ್ಲಿಂದಾಚೆ ಮೈಮರೆತು ಬರೆದು, ದೀಪಾವಳಿಯ ನೀರು ತುಂಬುವ ದಿನ ಮಂಡ್ಯದ ರೈಲು ಹತ್ತಿದೆ.

ಇಮಾಂ ಸಾಹೇಬರು ಹಸ್ತಪ್ರತಿಯನ್ನು ಕೈಯಲ್ಲಿ ತೂಗಿ ನೋಡಿದರು. ಬೀಡಿಯವರ ಹುಲಿಯ ಅಚ್ಚು ಆಗಲೇ ಮೇಜಿನ ಮೇಲೆ ಕುಳಿತಿತ್ತು. “ಕೊಲೆ ಯಾವಾಗ ಆಯ್ತದೆ?” ಎಂದರು.

“ಆಗುವುದಿಲ್ಲ.”

“ಮತ್ತೆ ಶೆಟ್ರು ಸಾಯ್ತಾರೆ ಅಂದಿದ್ರಿ.”

“ಸಾಯುತ್ತಾರೆ, ಕಡೆಯ ಅಧ್ಯಾಯದಲ್ಲಿ. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದರು.”

“ಯಾರೂ ಏನೂ ಮಾಡ್ನಿಲ್ಲ?”

“ಇಲ್ಲ.”

“ಅಲ್ಲಿಗಂಟ ಇಷ್ಟೂ ಜನ ಒಬ್ರ ಮ್ಯಾಲೊಬ್ರು ಅನುಮಾನ ಪಟ್ಕಂಡೇ ಇರ್ತಾರೆ?”

“ಅದೇ ಕಾದಂಬರಿ,” ಎಂದೆ. ದನಿ ಸ್ವಲ್ಪ ಇಳಿದಿತ್ತು. ಹುಲಿ ನನ್ನನ್ನೇ ನೋಡುತ್ತಿತ್ತು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಕಾದಂಬ್ರಿ ಅಲ್ಲ ಮೇಷ್ಟ್ರೇ, ನಮ್ಮ ಬೀದಿ,” ಎಂದರು. ಹುಲಿಯನ್ನು ಪಕ್ಕಕ್ಕೆ ಸರಿಸಿದರು. “ಮಳವಳ್ಳೀಲಿ ನಮ್ಮ ಬೀಗರವ್ರೆ. ಅವರಿಗೆ ಮಾತ್ರ ಒಂದು ಪ್ರತೀನೂ ಕೊಡಬ್ಯಾಡಿ. ಅಚ್ಚಿನ ಮೊಳೆ ಜೋಡಿಸೋಕೆ ನಾಳೆನೇ ಹಿಡೀತೀನಿ.”

ಪುಸ್ತಕ ಬಂತು. ಪಂಡಿತರು ಎರವಲು ಪಡೆದು ಓದಿ, ತೀರ್ಪು ಹೇಳದೆ ಹಿಂತಿರುಗಿಸಿದರು. ಹೇಳದೆ ಇದ್ದದ್ದು ಏಕೆಂದು ನಾನು ಬಹಳ ಯೋಚಿಸಿದೆ.

ಮರುವರ್ಷ ನವರಾತ್ರಿಗೆ ಅಮ್ಮ ಮತ್ತೆ ಬೊಂಬೆ ಕೂರಿಸಿದಳು. ಈ ಸಲ ಕೆಳಗಿನ ಮೆಟ್ಟಿಲಿನಲ್ಲಿ ಒಂದು ಹೊಸ ಬೊಂಬೆಯಿತ್ತು: ಚನ್ನಪಟ್ಟಣದ ಮರದ್ದು, ಅರಗಿನ ಬಣ್ಣದ್ದು, ರುಮಾಲು ಸುತ್ತಿ ಕನ್ನಡಕ ಹಾಕಿದ ಮೇಷ್ಟರು. ಸಾವಿತ್ರಿ ಹೇಳಿ ಕೆಂಪಮ್ಮನಿಂದ ತರಿಸಿದ್ದಳು. “ಅಂಗಡೀಲಿ ನೋಡುತ್ಲೂವೆ ನೀವೇ ಕುಂತಂಗಿತ್ತು ಬುದ್ಧಿ,” ಎಂದಳು ಕೆಂಪಮ್ಮ. ನನಗೂ ಒಳಗೊಳಗೇ ಹೆಮ್ಮೆಯಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಎಲ್ಲ ಬೊಂಬೆಗಳೂ ಬಾಗಿಲ ಕಡೆ ಮುಖಮಾಡಿ ನೆಟ್ಟಗೆ ಕುಳಿತಿವೆ. ಮೇಷ್ಟರು ಮಾತ್ರ ಅಂಗಾತ ಮಲಗಿದ್ದಾರೆ. ಎತ್ತಿ ಕೂರಿಸಿದೆ. ಸಂಜೆಗೆ ಮತ್ತೆ ಮಲಗಿದ್ದರು. ಈ ಸಲ ನಾನು ಯಾರನ್ನೂ ಅನುಮಾನಿಸಲಿಲ್ಲ. ನೇರವಾಗಿ ಕೇಳಿದೆ.

“ಅಮ್ಮ, ಈ ಮೇಷ್ಟ್ರನ್ನ ಯಾರು ಮಲಗಿಸ್ತಿರೋದು?”

“ನಾನೇ.”

“ವಿಜಯದಶಮಿಗೆ ಮುಂಚೆ ಯಾರೂ ಮಲಗಕೂಡದು ಅಂದಿದ್ದೆಯಲ್ಲ.”

“ಅದು ಉಳಿದೋರಿಗೆ. ಇವನು ಮಲಗಿರಲಿ ಬಿಡು. ಎದ್ದು ಕೂತ ಅಂದ್ರೆ ಯಾರದಾದ್ರೂ ಮುಖ ನೋಡೋಕೆ ಶುರುಮಾಡ್ತಾನೆ.”

ನಾನು ಅಲ್ಲೇ ನಿಂತು ಮನಸ್ಸಿನಲ್ಲೇ ಎರಡೂ ಪಕ್ಷದಲ್ಲಿ ವಾದಿಸಿ ನೋಡಿದೆ. ಮಲಗಿರಲಿ ಎನ್ನುವ ಪಕ್ಷವೇ ಗಟ್ಟಿಯಾಗಿ ಕಂಡಿತು. ಕುಂಕುಮದ ಬೆಳ್ಳಿ ಬಟ್ಟಲು ಹೇಗೂ ಅಮ್ಮನ ಕೈಯಲ್ಲೇ ಇತ್ತು.