ದೇವರಿಗೆ ಬೆನ್ನು ಕೊಡದ ಪಿಕಪ್ಪು

ವಾಹನಗಳಿಗೆಲ್ಲ ಹಿರಿಯ ವಾಹನನಾದ ಬಸವಣ್ಣನಿಗೆ ಶರಣು. ಆತನ ಬೆನ್ನ ಮೇಲೆ ಕೂತೂ ಯಾರಿಗೂ ಹಾರ್ನು ಹೊಡೆಯದ, ಯಾವ ಊರಿಗೂ ಅವಸರ ಮಾಡದ ಪರಶಿವನಿಗೆ ಶರಣು. ಹೇಳುವ ನಾಲಿಗೆ ತಪ್ಪದಿರಲಿ. ತಪ್ಪಿದರೆ ಕೇಳುವವರು ಹೊಟ್ಟೆಗೆ ಹಾಕಿಕೊಳ್ಳಲಿ.

ಬಳ್ಳಾರಿ ನಗರದ ನಿವೃತ್ತ ಕಚೇರಿ ಅಧೀಕ್ಷಕರಾದ ಶ್ರೀ ಮೈಲಾರಲಿಂಗಪ್ಪನವರ ಮನೆಯಂಗಳದಲ್ಲಿ ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿಯ, ನಾಲ್ಕೂ ಗಾಲಿ ಎಳೆಯುವ ಪಿಕಪ್ ಗಾಡಿಯೊಂದು ಮೂರು ವರ್ಷ ನಾಲ್ಕು ತಿಂಗಳಿಂದ ದುರಸ್ತಿಯಲ್ಲಿತ್ತು ಎಂಬುದು ಯಾರೂ ಅಲ್ಲಗಳೆಯದ ಸಂಗತಿ. ಮುಂದೆ ಜೀಪಿನ ಮೂತಿ, ಹಿಂದೆ ಸಣ್ಣ ಲಾರಿಯ ಬೆನ್ನು. ಗಾಡಿ ಅವರ ಮಾವನವರದು. ರಾರಾವಿಯ ಹೊಳೆದಂಡೆಯಲ್ಲಿ ಎತ್ತುಗಳು ಮೊಣಕಾಲು ಊರಿದ ಕೆಸರಿನಿಂದ ಇದು ಭತ್ತದ ಚೀಲ ಹೊತ್ತು ಏರಿ ಬರುತ್ತಿತ್ತು. ಇದರದೇ ಬೆನ್ನಲ್ಲಿ, ಹುಲ್ಲಿನ ಮೇಲೆ ಜಮಖಾನ ಹಾಸಿಕೊಂಡು, ಅವರ ಧರ್ಮಪತ್ನಿ ಗುರುಬಸಮ್ಮನವರು ಮದುಮಗಳಾಗಿ ಬಳ್ಳಾರಿಗೆ ಬಂದಿದ್ದರು. ಮಾವನವರು ಲಿಂಗೈಕ್ಯರಾದ ಮೇಲೆ ಗಾಡಿಯು ರಾರಾವಿಯ ಹಿತ್ತಲಲ್ಲಿ ಬೆಕ್ಕುಗಳ ಬಾಣಂತನಕ್ಕೆ ಮೀಸಲಾಗಿತ್ತು.

ಅದನ್ನು ಮನೆಗೆ ತಂದು ಸ್ವಂತ ಕೈಯಿಂದ ದುರಸ್ತಿ ಮಾಡುವುದಾಗಿ ಮೈಲಾರಲಿಂಗಪ್ಪನವರು ಘೋಷಿಸಿದ್ದಕ್ಕೆ ಕಾರಣವಿತ್ತು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಅವರು ಒಂದು ಕಡತವನ್ನೂ ಮುಗಿಸಿದವರಲ್ಲ. ಕೆಲವನ್ನು ಮೇಲಕ್ಕೆ ಕಳಿಸಿದರು, ಕೆಲವನ್ನು ಪಕ್ಕಕ್ಕೆ, ಉಳಿದವನ್ನು ಗೆದ್ದಲಿಗೆ. ಇದನ್ನು ಅವರೇ ಬಂದವರೆದುರು ಹೇಳಿಕೊಂಡು ನಗುತ್ತಿದ್ದರು. ಬಂದವರು ಹೋದ ಮೇಲೆ ನಗುತ್ತಿರಲಿಲ್ಲ. ಬೆಳಗಿನ ಲಿಂಗಪೂಜೆಯಲ್ಲಿ ಅವರ ಬೇಡಿಕೆ ಒಂದೇ: ಶಿವನೇ, ನಿನ್ನ ಪಾದ ಸೇರುವ ಮೊದಲು ಒಂದಾದರೂ ಕೆಲಸ ಮುಗಿಸಿ ಕೈ ತೊಳೆಯುವಂತೆ ಮಾಡು.

ಕೆಲಸವು ಕ್ರಮಬದ್ಧವಾಗಿ ನಡೆಯಲೆಂದು ಅವರು ಮೊದಲ ಮೂರು ತಿಂಗಳನ್ನು 'ಗೃಹ ದುರಸ್ತಿ ನಿಯಮಾವಳಿ' ಬರೆಯಲು ವಿನಿಯೋಗಿಸಿದರು. ನಿಯಮ ಮೂರರಂತೆ, ಒಂದು ನಟ್ಟು ಬೇಕಾದರೂ ದುರಸ್ತಿಗಾರನು ಬೇಡಿಕೆಪತ್ರ ಸಲ್ಲಿಸತಕ್ಕದ್ದು, ಉಗ್ರಾಣಪಾಲಕನು ಅದನ್ನು ಪರಿಶೀಲಿಸತಕ್ಕದ್ದು, ಮುಖ್ಯಾಧಿಕಾರಿಯು ಮಂಜೂರು ಮಾಡತಕ್ಕದ್ದು. ಮೂರೂ ಹುದ್ದೆಗಳನ್ನು ಮೈಲಾರಲಿಂಗಪ್ಪನವರೇ ವಹಿಸಿಕೊಂಡಿದ್ದರು. ಆದರೆ ಮೂವರೂ ಒಂದೇ ದಿನ ಕೂರುವುದು ಶಿಸ್ತಲ್ಲವಾದ್ದರಿಂದ ಬ್ರೂಸ್‌ಪೇಟೆಯಿಂದ ಒಂದು ಬೇರಿಂಗ್ ತರಲು ಹತ್ತೊಂಬತ್ತು ದಿನ ಹಿಡಿಯುತ್ತಿತ್ತು. ಒಮ್ಮೆ ಮುಖ್ಯಾಧಿಕಾರಿಯು 'ಅಕ್ಷರ ಓದಲಾಗುತ್ತಿಲ್ಲ' ಎಂಬ ಷರಾದೊಂದಿಗೆ ಬೇಡಿಕೆಪತ್ರವನ್ನು ಹಿಂತಿರುಗಿಸಿದರು. ಮನನೊಂದ ದುರಸ್ತಿಗಾರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಿಯಮ ಹನ್ನೊಂದು: ಹೊರಗಿನವರು ಪಾನಾ (ಸ್ಪ್ಯಾನರು) ಮುಟ್ಟತಕ್ಕದ್ದಲ್ಲ; ಸಲಹೆಯಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು. ಈ ನಿಯಮವನ್ನು ಬರೆದದ್ದು ಪಕ್ಕೀರಪ್ಪನಿಗಾಗಿ. ಕೌಲ್ ಬಜಾರಿನಲ್ಲಿ ನಲವತ್ತು ವರ್ಷದಿಂದ ಗಾಡಿ ಬಿಚ್ಚಿ ಕೂಡಿಸುತ್ತಿದ್ದ ಈ ಮಿಸ್ತ್ರಿ, ಹಳೆಯ ಗಾಡಿಯ ಮೇಲಿನ ಪ್ರೀತಿಗೆ ದಿನಾ ಸಂಜೆ ಬಂದು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನ ಕೈಗಳು ತಮ್ಮಷ್ಟಕ್ಕೆ ತಾವೇ ಗಾಳಿಯಲ್ಲಿ ಬೋಲ್ಟು ತಿರುಗಿಸುತ್ತಿದ್ದವು.

ಇತ್ತ ಗುರುಬಸಮ್ಮನವರು ಅಂಗಳ ಕಳೆದುಕೊಂಡು ಮೂರು ವರ್ಷವಾಗಿತ್ತು. ರಂಗೋಲಿಯ ಜಾಗದಲ್ಲಿ ಎಂಜಿನ್ ಕೂತಿತ್ತು. ಅವರು ದಿನಾ ಬೆಳಿಗ್ಗೆ ಎಂಜಿನ್ನನ್ನೇ ನಡುವೆ ಇಟ್ಟುಕೊಂಡು ಸುತ್ತ ಎಳೆ ಎಳೆಯುತ್ತಿದ್ದರು. ಈ ವರ್ಷ ಕಾರಹುಣ್ಣಿಮೆಯ ಮರುದಿನ ರಂಗೋಲಿ ಡಬ್ಬಿ ಕೆಳಗಿಟ್ಟು ಗಂಡನೆದುರು ನಿಂತರು.

"ನೋಡ್ರಿ, ನಮ್ಮಪ್ಪನ ಗಾಡ್ಯಾಗ ಕುಂತು ಕುರುಗೋಡಿಗೆ ಬರ್ತೀನಂತ ಬಸವಣ್ಣಗ ಹರಕಿ ಹೊತ್ತೀನಿ. ಶ್ರಾವಣದ ಕಡೀ ಸೋಮವಾರ ಈ ಗಾಡಿಗೆ ಅಲ್ಲಿ ಮಂಗಳಾರತಿ ಆಗಬೇಕು. ಆಗಲಿಲ್ಲಂದ್ರ ಮಂಗಳವಾರ ಗುಜರಿಯವ ಬರ್ತಾನ. ಹೇಳಿಟ್ಟೀನಿ."

ಈ ವಿಷಯವನ್ನು ಲಿಖಿತವಾಗಿ ಕೊಟ್ಟರೆ ಅನುಕೂಲವಾಗುತ್ತದೆ ಎಂದು ಮೈಲಾರಲಿಂಗಪ್ಪನವರು ವಿನಂತಿಸಿದರು.

"ಬಾಯಿಲೇ ಹೇಳೀನಲ್ಲ, ಸಾಕು," ಎಂದು ಅವರು ಒಳಗೆ ಹೋದರು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಆಕೆ ಹೇಳಿದ ಮಂಗಳವಾರ ಎಂದೂ ಬುಧವಾರವಾದದ್ದಿಲ್ಲ.

ಅಂದಿನಿಂದ ಕೆಲಸ ಚುರುಕಾಯಿತು. ಮೂರು ಹುದ್ದೆಯವರೂ ಒಂದೇ ದಿನ ಕೂರತೊಡಗಿದರು. ಆ ವಾರವೇ ಹಿಂದಿನ ಡಿಫರೆನ್ಷಿಯಲ್ ಕೂರಿಸಿದರು. ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ತಿರುವನ್ನು ಎರಡೂ ಗಾಲಿಗೆ ಹಂಚಿಕೊಡುವ, ಸೋರೆಬುರುಡೆಯಂಥ ಕಬ್ಬಿಣದ ಗಡ್ಡೆ. ಸ್ಟೂಲಿನ ಮೇಲಿದ್ದ ಪಕ್ಕೀರಪ್ಪ ಚಹಾ ಕೆಳಗಿಟ್ಟು, "ಸರ್ರ, ಅದು..." ಎಂದ. ಮೈಲಾರಲಿಂಗಪ್ಪನವರು ಪ್ರೀತಿಯಿಂದಲೇ ನಿಯಮ ಹನ್ನೊಂದನ್ನು ತೋರಿಸಿದರು. ಅವನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟ: 'ಗಡ್ಡಿ ಬೋರಲ ಕುಂತೈತ್ರಿ. ಸರಿಮಾಡ್ರಿ. ಇಂತಿ ಪಕ್ಕೀರಪ್ಪ.' ಅದಕ್ಕೆ ಆವಕ ಸಂಖ್ಯೆ ನಲವತ್ತೊಂದು ಬಿತ್ತು. 'ಪರಿಶೀಲನೆಯಲ್ಲಿದೆ' ಎಂದು ಷರಾ ಬರೆದು, ಬಂದ ಪತ್ರಗಳಿಗೆಂದೇ ಇಟ್ಟಿದ್ದ ಮೊರದಲ್ಲಿ ಹಾಕಲಾಯಿತು. ನಲವತ್ತನೆಯದು ಇನ್ನೂ ಇತ್ಯರ್ಥವಾಗಿರಲಿಲ್ಲ; ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿರುವ ಬಗ್ಗೆ ಅದೇ ಪಕ್ಕೀರಪ್ಪ ಕೊಟ್ಟ ದೂರು.

ಮುಂದಿನ ಡಿಫರೆನ್ಷಿಯಲ್ಲನ್ನು ಹೇಗೆ ಕೂರಿಸಬೇಕೆಂಬ ಪ್ರಶ್ನೆ ಬಂದಾಗ, ಹಿಂದಿನದು ಪೂರ್ವನಿದರ್ಶನವಾಗಿ ಕಣ್ಣೆದುರೇ ಇತ್ತು. ಅದರಂತೆಯೇ ಕೂರಿಸಲಾಯಿತು. ಇದು ಬಸವಣ್ಣನ ಕರುಣೆಯೇ ಸರಿ. ಒಂದು ನೆಟ್ಟಗೆ ಒಂದು ಬೋರಲಾಗಿದ್ದರೆ ಮುಂದಿನ ಗಾಲಿ ಗುಡಿಗೆ, ಹಿಂದಿನ ಗಾಲಿ ಮನೆಗೆ ಎಳೆದು ಗಾಡಿಯು ನಮ್ಮೆಲ್ಲರ ಮನಸ್ಸಿನಂತೆ ನಿಂತಲ್ಲೇ ನಡುಗುತ್ತಿತ್ತು.

ಕಡೇ ಸೋಮವಾರಕ್ಕೆ ಹನ್ನೊಂದು ದಿನವಿರುವಾಗ ಬಾನೆಟ್ಟಿನ ಮೇಲೆ ಕರ್ಪೂರ ಬೆಳಗಿ ಎಂಜಿನ್ ಚಾಲೂ ಮಾಡಿದರು. ಅದು ಒಂದೇ ಸಲಕ್ಕೆ ಎದ್ದಿತು. ಗುರುಬಸಮ್ಮನವರ ಕಣ್ಣಲ್ಲಿ ನೀರು ಬಂತು. ಮೈಲಾರಲಿಂಗಪ್ಪನವರು ಫಸ್ಟ್ ಗೇರು ಹಾಕಿ ಕ್ಲಚ್ಚು ಬಿಟ್ಟರು. ಗಾಡಿ ಗಂಭೀರವಾಗಿ ಹಿಂದಕ್ಕೆ ಹೋಗಿ ಬಚ್ಚಲಮನೆಯ ಗೋಡೆಯನ್ನು ಪ್ರವೇಶಿಸಿತು. ರಿವರ್ಸ್ ಹಾಕಿದರೆ ಮುಂದಕ್ಕೆ ಬಂತು, ಹೊಸ ಸೊಸೆಯ ನಡಿಗೆಯಲ್ಲಿ. ಬೋರಲು ಕೂತ ಗಡ್ಡೆಗಳು ಗಾಲಿಗಳನ್ನು ಉಲ್ಟಾ ತಿರುಗಿಸುತ್ತಿದ್ದವು; ಒಟ್ಟಿನಲ್ಲಿ ಹಿಂದಕ್ಕೆ ಮೂರು ಗೇರು, ಮುಂದಕ್ಕೆ ಒಂದು. ಪಕ್ಕೀರಪ್ಪ ಮೊರವನ್ನೊಮ್ಮೆ ನೋಡಿದ.

ಅಂದು ಸಂಜೆ ಮುಖ್ಯಾಧಿಕಾರಿಯು ದುರಸ್ತಿಗಾರನಿಗೆ ಕಾರಣ ಕೇಳಿ ನೋಟೀಸು ಜಾರಿ ಮಾಡಿದರು. ತಾನು ದೈವಭಕ್ತನೆಂದೂ, ಇದು ತನ್ನ ಮೊದಲ ತಪ್ಪೆಂದೂ, ಮುಂದೆ ಹೀಗಾಗದೆಂದೂ ದುರಸ್ತಿಗಾರ ಉತ್ತರಿಸಿದ. ಮೊದಲ ತಪ್ಪು ಎಂಬುದು ಸುಳ್ಳೆಂದು ಮುಖ್ಯಾಧಿಕಾರಿಗೆ ಖಚಿತವಾಗಿ ಗೊತ್ತಿದ್ದರೂ, ಉತ್ತರ ಸಮಾಧಾನಕರವೆಂದು ಒಪ್ಪಿಕೊಂಡರು.

"ಎರಡ ದಿನ ಪಾನಾ ನನ್ನ ಕೈಯಾಗ ಕೊಡ್ರಿ ಸರ್ರ," ಎಂದು ಪಕ್ಕೀರಪ್ಪ ಕೇಳಿದ. ಮೈಲಾರಲಿಂಗಪ್ಪನವರಿಗೆ ಆಸೆಯಾಗದೆ ಇರಲಿಲ್ಲ. ಆದರೆ ಬಿಚ್ಚಿದರೆ ಅದು ಮುಗಿದ ಕೆಲಸವಲ್ಲ, ಮತ್ತೆ ಬಾಕಿ ಕಡತ. ಅಲ್ಲದೆ ಮುಗಿದ ಕಾಮಗಾರಿಯನ್ನು ಬಿಚ್ಚಲು ಅದು ತಪ್ಪೆಂದು ಒಪ್ಪಿ ಸಹಿ ಹಾಕುವ ಅಧಿಕಾರಿ ಬೇಕು. ಅಂಥವರನ್ನು ಅವರು ಸೇವೆಯಲ್ಲಿ ಕಂಡಿರಲಿಲ್ಲ. ಕನ್ನಡಿಯಲ್ಲಂತೂ ಕಂಡೇ ಇರಲಿಲ್ಲ.

ಹಳೆಯ ಗಾಡಿ ರಸ್ತೆಗಿಳಿಯಲು ಯೋಗ್ಯತಾಪತ್ರ ಬೇಕಿತ್ತು. ಸಿರುಗುಪ್ಪದಲ್ಲಿ 'ಪುರಾತನ ವಾಹನ ಯೋಗ್ಯತಾ ಶಿಬಿರ' ನಡೆದಿತ್ತು. ಭತ್ತ ಇಳಿಸಿ ಖಾಲಿ ಹೊರಟ ಲಾರಿಯೊಂದರ ಮೇಲೆ ಗಾಡಿ ಏರಿಸಿ ಒಯ್ದರು. ಶಿಬಿರಾಧಿಕಾರಿ ದೊಡ್ಡಬಸವರಾಜರು ಮೇಜಿನಿಂದ ಏಳದೆ ನಮೂನೆ ತುಂಬತೊಡಗಿದರು.

"ಗಾಡಿ ನಡೀತದನ್ರಿ?"

"ನಡೀತೈತ್ರಿ. ದಿಕ್ಕು ಮಾತ್ರ..."

"ದಿಕ್ಕಿಗೆ ಕಾಲಂ ಇಲ್ರಿ."

ಆದರೂ ಅವರು ಕರ್ತವ್ಯನಿಷ್ಠರು. ಮುಂದಿನ ದೀಪ ಬಿಳಿ, ಹಿಂದಿನದು ಕೆಂಪು ಎಂಬ ನಿಯಮ ಈ ಗಾಡಿಗೆ ಹೇಗೆ ಅನ್ವಯಿಸುತ್ತದೆ ಎಂದು ಎರಡು ಕಪ್ ಚಹಾದಷ್ಟು ಹೊತ್ತು ಯೋಚಿಸಿ ಆದೇಶಿಸಿದರು: 'ಸದರಿ ವಾಹನದ ಮಟ್ಟಿಗೆ ಹಿಂಭಾಗ ಎಂಬುದನ್ನು ಮುಂಭಾಗ ಎಂದು ಓದಿಕೊಳ್ಳತಕ್ಕದ್ದು. ದೀಪಗಳನ್ನು ತದನುಸಾರ ಬದಲಾಯಿಸತಕ್ಕದ್ದು. ಎದುರಿಗೆ ಬರುವವರು ಅರ್ಥಮಾಡಿಕೊಳ್ಳತಕ್ಕದ್ದು.' ಮುಂಭಾಗದ ಭಾವಚಿತ್ರದ ಚೌಕದಲ್ಲಿ ಗಾಡಿಯ ಬಾಲದ ಫೋಟೊ ಅಂಟಿಸಿ ಮೊಹರು ಒತ್ತಿದರು. ಕುರುಗೋಡಿಗೆ ಹೋದರೆ ಪ್ರಸಾದ ಕಳಿಸಬೇಕೆಂದೂ, ಮನೆಯಲ್ಲಿ ಹನ್ನೊಂದು ಜನರಿರುವುದಾಗಿಯೂ ಮೌಖಿಕವಾಗಿ ಸೇರಿಸಿದರು.

ಕಡೇ ಸೋಮವಾರ ನಸುಕಿನಲ್ಲಿ ಗಾಡಿ ಬಳ್ಳಾರಿಯಿಂದ ಹಿಂಬರಕಿಯಾಗಿ, ಬಾಲ ಮುಂದಾಗಿ ಹೊರಟಿತು. ಕುರುಗೋಡಿಗೆ ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರು. ಪಕ್ಕೀರಪ್ಪ ಗಾಡಿಯ ಬೆನ್ನಲ್ಲಿ ನಿಂತು, ದಾರಿ ನೋಡುತ್ತ, ಬಸ್ಸಿನ ಕಂಡಕ್ಟರನಂತೆ "ರೈಟ್, ರೈಟ್" ಅನ್ನುತ್ತಿದ್ದ. ಅವನಿಗೆ 'ತಾತ್ಕಾಲಿಕ ದಿಕ್ಕುಪಾಲಕ' ಎಂದು ಹಿಂದಿನ ದಿನವೇ ನೇಮಕಾತಿ ಆಗಿತ್ತು. ಮೈಲಾರಲಿಂಗಪ್ಪನವರ ಕುತ್ತಿಗೆ ಹಿಂದಕ್ಕೆ ತಿರುಗಿದ್ದು ತಿರುಗಿದಂತೆಯೇ ಇತ್ತು. ಪಕ್ಕದಲ್ಲಿ ಹಣ್ಣುಕಾಯಿ ಬುಟ್ಟಿ ಮಡಿಲಲ್ಲಿಟ್ಟು ಕೂತ ಗುರುಬಸಮ್ಮನವರು ಮಾತ್ರ ಎದುರಿಗೆ ನೋಡುತ್ತಿದ್ದರು. ಎದುರಿಗೆ ಬಳ್ಳಾರಿಯ ಗುಡ್ಡ ಹಿಂದೆ ಸರಿಯುತ್ತಿತ್ತು.

"ಅವತ್ತೂ ಹಿಂಗ ಬಂದಿದ್ದೆ ನೋಡ್ರಿ," ಎಂದರು. "ಹುಲ್ಲಿನ ಮ್ಯಾಲೆ ಕುಂತು, ಊರ ಕಡೆ ಮಾರಿ ಮಾಡಿ. ರಾರಾವಿ ಸಣ್ಣದಾಕ್ಕೊಂತ ಹೋಗಿತ್ತು. ಇವತ್ತು ಬಳ್ಳಾರಿ ಸಣ್ಣದಾಗಾಕ ಹತ್ತೈತಿ."

ಅವರಿಗೆ ಹೆಂಡತಿಯ ಮುಖ ನೋಡುವಂತಿರಲಿಲ್ಲ. "ಅಳಾಕ ಹತ್ತೀಯೇನು?" ಎಂದು ಹಿಂದಿನ ಕಿಟಕಿಯನ್ನೇ ಕೇಳಿದರು.

"ಧೂಳ್ರೀ," ಎಂದರು ಗುರುಬಸಮ್ಮ.

ಗುಡಿಯ ಮುಂದಿನ ಬಯಲಿಗೆ ಗಾಡಿ ಬಾಲ ಮುಂದೆ ಮಾಡಿ ಬಂದು ನಿಂತಾಗ ಜನ ಜರುಗಿ ದಾರಿ ಬಿಟ್ಟರು. ವಾಹನಪೂಜೆ ಮಾಡುವ ಅರ್ಚಕ ಎರ್ರಿಸ್ವಾಮಿ ಆರತಿ ತಟ್ಟೆ ಹಿಡಿದು ಬಂದವರು, ಗಾಡಿಯನ್ನೊಮ್ಮೆ ಗುಡಿಯನ್ನೊಮ್ಮೆ ನೋಡಿ ಕರ್ಪೂರ ಆರಿಸಿದರು.

"ಬಸವಣ್ಣಗ ಬೆನ್ನು ಮಾಡಿ ಬಂದದ್ದಕ್ಕ ಆರತಿ ಎತ್ತಾಕ ಬರಂಗಿಲ್ರಿ."

ಮೈಲಾರಲಿಂಗಪ್ಪನವರು ಯೋಗ್ಯತಾಪತ್ರ ತೋರಿಸಿದರು. ಹಿಂಭಾಗವನ್ನು ಮುಂಭಾಗವೆಂದು ಓದಿಕೊಳ್ಳಬೇಕಾದ ಸಾಲಿನ ಮೇಲೆ ಬೆರಳಿಟ್ಟರು. ಬಸವಣ್ಣನಿಗೆ ಓದಲು ಬರುವುದಿಲ್ಲವೆಂದು ಎರ್ರಿಸ್ವಾಮಿ ವಿನಯದಿಂದ ತಿಳಿಸಿದರು. ಗುರುಬಸಮ್ಮನವರು ಗಾಡಿಯಿಂದ ಇಳಿಯಲಿಲ್ಲ. "ನಾಳೆ ಮಂಗಳವಾರ," ಎಂದಷ್ಟೇ ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮೈಲಾರಲಿಂಗಪ್ಪನವರು ಯೋಗ್ಯತಾಪತ್ರ ಮಡಚಿ ಜೇಬಿಗೆ ಹಾಕಿದರು.

ಆಗ ಅವರು ಜೀವಮಾನದಲ್ಲಿ ಮೊದಲ ಸಲ ಲಿಖಿತ ಸಲಹೆ ಕೇಳದೆ ಮೇಲೆ ನೋಡಿದರು.

"ಪಕ್ಕೀರಪ್ಪ, ಏನ ಮಾಡ್ಲಿ? ಬಾಯಿಲೇ ಹೇಳು."

"ಮೂತಿ ದೇವರ ಕಡೆ ಮಾಡ್ರಿ ಸರ್ರ. ನಮ್ಮ ಕೈಯಾಗ ಇರೋದು ಅಷ್ಟ."

ಮುಂದಕ್ಕೆ ಹೋಗುವ ಆ ಒಂದೇ ಗೇರಿನಲ್ಲಿ ಗಾಡಿ ಬಯಲಿನ ತುಂಬ ಮೆಲ್ಲಗೆ ಸುತ್ತು ಬಂತು. ಜನ ಅದನ್ನು ಪ್ರದಕ್ಷಿಣೆಯೆಂದು ತಿಳಿದು ಕೈಮುಗಿದರು. ಮೂತಿ ಬಸವಣ್ಣನಿಗೆ ಎದುರಾಗಿ ನಿಂತಿತು. ಎರ್ರಿಸ್ವಾಮಿ ಕರ್ಪೂರ ಹಚ್ಚಿದರು. ಮಂಗಳಾರತಿ ಆಯಿತು, ಹರಕೆ ತೀರಿತು, ಕಾಯಿ ಸರಿಯಾಗಿ ಎರಡು ಹೋಳಾಯಿತು. ಇನ್ನು ಹೊರಡಬೇಕಲ್ಲ, ಮೈಲಾರಲಿಂಗಪ್ಪನವರು ಫಸ್ಟ್ ಗೇರು ಹಾಕಿದರು.

ಗಾಡಿ ದೇವರನ್ನು ನೋಡುತ್ತ ನೋಡುತ್ತ ಹಿಂದೆ ಹಿಂದೆ ಸರಿಯಿತು. ಎರಡನೆಯ ಗೇರು. ಮೂರನೆಯ ಗೇರು. ಮೂತಿ ಗುಡಿಯ ಕಡೆಯಿಂದ ಕದಲಲಿಲ್ಲ. ಗರ್ಭಗುಡಿಯಿಂದ ನಾವು ನೀವು ಬೆನ್ನು ತೋರಿಸದೆ ಹೊರಬರುತ್ತೇವಲ್ಲ, ಹಾಗೆಯೇ ಅದು ಬಯಲು ದಾಟಿತು. ಎಲ್ಲಮ್ಮ ಎಂಬ ಹೂವಿನ ಮುದುಕಿ ಬುಟ್ಟಿ ಕೆಳಗಿಟ್ಟು ಹೇಳಿದಳು: "ನೋಡ್ರೆವ್ವಾ, ಗಾಡಿಗಿರೋ ಭಕ್ತಿ ನಮಗಿಲ್ಲ." ಎರ್ರಿಸ್ವಾಮಿಯವರ ಕೈಯಲ್ಲಿ ತಟ್ಟೆ ತಾನಾಗಿ ಮತ್ತೊಮ್ಮೆ ಮೇಲೆದ್ದಿತು. ಬಸವಣ್ಣ ಶಿವನಿಗೆ ಎಂದಾದರೂ ಬೆನ್ನು ಕೊಟ್ಟಿದ್ದಾನೆಯೇ, ಅದೂ ವಾಹನ, ಇದೂ ವಾಹನ ಎಂದು ಅವರು ಅಲ್ಲಿದ್ದವರಿಗೆ ವಿವರಿಸಿದರು. ಬರುವಾಗ ಬೆನ್ನು ಮಾಡಿದ್ದೇಕೆ ಎಂಬ ಅಧಿಕಪ್ರಸಂಗದ ಪ್ರಶ್ನೆಗೆ, ತನ್ನ ಪಾಪ ನೆನೆದು ಮುಖ ತೋರಲು ನಾಚಿತ್ತು ಎಂಬ ಉತ್ತರ ಸಿಕ್ಕಿತು.

ಅದೇ ಮಧ್ಯಾಹ್ನ ಬೇವಿನ ಮರದ ಕೆಳಗೆ 'ಹಿಮ್ಮುಖ ವಾಹನ ಸೇವಾ ಭಕ್ತಮಂಡಳಿ' ಸ್ಥಾಪನೆಯಾಗಿ ಪ್ರಕಟಣೆ ಹೊರಟಿತು: 'ಪೂಜೆಗೆ ತಂದ ಸಕಲ ವಾಹನಗಳು ಹೊರಡುವಾಗ ದೇವರಿಗೆ ಬೆನ್ನು ಕೊಡತಕ್ಕದ್ದಲ್ಲ. ರಿವರ್ಸ್ ಗೇರಿಲ್ಲದ ಮೋಟಾರ್‌ಸೈಕಲ್ಲುಗಳನ್ನು ಕುಟುಂಬದವರು ಹಿಂದಕ್ಕೆ ತಳ್ಳತಕ್ಕದ್ದು. ಭತ್ತ ಕೊಯ್ಯುವ ಯಂತ್ರಗಳು ವಿನಾಯಿತಿ ಕೋರಿದ ಅರ್ಜಿಯು ಪರಿಶೀಲನೆಯಲ್ಲಿದೆ. ಹಿಮ್ಮುಖ ಸೇವೆಗೆ ಬೇರೆ ಚೀಟಿ ಪಡೆಯತಕ್ಕದ್ದು.' ಮೊದಲ ವಾರದಲ್ಲಿ ಮೂರು ಟ್ರ್ಯಾಕ್ಟರುಗಳು ಹಿಂದಿನ ಹಳ್ಳಕ್ಕೆ ಇಳಿದವು. ಇದನ್ನು ಸಾಷ್ಟಾಂಗ ಎಂದು ಪರಿಗಣಿಸಲಾಯಿತು.

ಮಂಗಳವಾರ ಗುಜರಿಯವ ಬಂದ. ಗಾಡಿಗೆ ಕೈಮುಗಿದು, ವಿಭೂತಿ ಹಚ್ಚಿಸಿಕೊಂಡು, ತನ್ನ ಲೋಡಿಂಗ್ ಆಟೋವನ್ನೂ ಹೀಗೆ ಮಾಡಿಕೊಡಲಾದೀತೇ ಎಂದು ವಿಚಾರಿಸಿದ. ಈಗ ಕೌಲ್ ಬಜಾರಿನಲ್ಲಿ ಪಕ್ಕೀರಪ್ಪನ ಅಂಗಡಿ ಮುಂದೆ 'ಇಲ್ಲಿ ಗಡ್ಡೆ ಬೋರಲು ಮಾಡಿಕೊಡಲಾಗುವುದು' ಎಂಬ ಬೋರ್ಡು ಇದೆ. ನೆಟ್ಟಗಿರುವ ಗಾಡಿಗಳು ಸರತಿಯಲ್ಲಿ ನಿಂತಿವೆ. ದೊಡ್ಡಬಸವರಾಜರ ನಮೂನೆಗೆ ದಿಕ್ಕಿನ ಕಾಲಂ ಸೇರಿದೆ. ಅದರಲ್ಲಿ 'ಭಕ್ತಿಪೂರ್ವಕ' ಎಂದು ಬರೆದರೆ ಸಾಕು.

ಗಾಡಿ ಅಂಗಳದಲ್ಲೇ ಇದೆ, ದೇವರಮನೆಯ ಕಡೆ ಮೂತಿ ಮಾಡಿ. ಗುರುಬಸಮ್ಮನವರು ಅದರ ಸುತ್ತ ದೊಡ್ಡ ರಂಗೋಲಿ ಹಾಕುತ್ತಾರೆ. ಸೋಮವಾರಕ್ಕೊಮ್ಮೆ ಅದರಲ್ಲಿ ಕೂತು ಊರು ಸಣ್ಣದಾಗುವುದನ್ನು ನೋಡಿ ಬರುತ್ತಾರೆ. ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡ ಮೈಲಾರಲಿಂಗಪ್ಪನವರು ಆ ಬುಧವಾರ ಮೊರದಿಂದ ಆವಕ ಸಂಖ್ಯೆ ನಲವತ್ತೊಂದನ್ನು ತೆಗೆದು, ಬಹಳ ಹೊತ್ತು ನೋಡಿ, ಬರೆದರು: 'ಬೋರಲಿರುವುದು ನಿಜ. ತಪ್ಪು ನನ್ನದು. ಬಸವಣ್ಣನು ಒಪ್ಪಿಕೊಂಡಿರುವುದರಿಂದ ಸರಿಮಾಡುವ ಅಗತ್ಯವಿಲ್ಲ. ಕಡತ ಮುಕ್ತಾಯ.' ಸಹಿ ಹಾಕಿ, ಬಚ್ಚಲಿಗೆ ಹೋಗಿ ಕೈ ತೊಳೆದರು. ಬಚ್ಚಲಿಗೆ ಗೋಡೆ ಇನ್ನೂ ಇರಲಿಲ್ಲವಾದ್ದರಿಂದ ಓಣಿಯವರೆಲ್ಲ ಅದನ್ನು ನೋಡಿದರು.

ಇದನ್ನು ಕೇಳಿದ ಶರಣರಿಗೆಲ್ಲ ಆ ಬಸವಣ್ಣ ಒಳ್ಳೆಯದು ಮಾಡಲಿ. ನಿಮ್ಮ ಮೊರಗಳು ಹಗುರಾಗಲಿ, ನಿಮ್ಮ ಮಂಗಳವಾರಗಳು ಸುಖವಾಗಿ ದಾಟಲಿ. ಮುಂದಕ್ಕೆ ನಡೆಯುವವರು ನಡೆದೂ, ಹಿಂದಕ್ಕೆ ಸರಿಯುವವರು ಸರಿದೂ ಅವನ ಬಾಗಿಲನ್ನೇ ಮುಟ್ಟಲಿ. ದಾರಿಯಲ್ಲಿ ಯಾರ ಗೋಡೆಯೂ ಬೀಳದಿರಲಿ.