ಬರ್ತೀನಿ ಅಂದ ಭಟ್ಟರು

ಹೋಟೆಲ್ ನಡೆಸೋದು ಅಂದ್ರೆ ತಿಂಡಿ ಮಾರೋದು ಅಂತ ಜನ ತಿಳ್ಕೊಂಡಿದಾರೆ. ತಿಂಡಿ ಹೇಗೋ ಆಗತ್ತೆ ಸ್ವಾಮಿ, ಕೆಲಸಕ್ಕೆ ಜನ ಸಿಗಬೇಕಲ್ಲ! ಜಯನಗರದಲ್ಲಿ ಮನೆಗಿಂತ ಖಾಲಿ ಸೈಟೇ ಹೆಚ್ಚಿದ್ದ ಕಾಲದಲ್ಲಿ ನಾನು ಆರು ಮೇಜಿನ ಹೋಟೆಲ್ ಇಟ್ಟೆ. ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ.

ಯಾರು ಪಾಸು?

"ಊರಿಗೆ ಹೋಗಿ ಬರ್ತೀನಿ" ಅಂದ ಮೂವರು ಭಟ್ಟರು ಬರಲೇ ಇಲ್ಲ. ದೋಸೆ ಇಲ್ಲದ ಹೋಟೆಲಿಗೆ ಯಾರು ಕಾಲಿಡ್ತಾರೆ? ಇನ್ನೇನು ಬಾಗಿಲು ಹಾಕಬೇಕು ಅನ್ನೋವಾಗ ನಾಲ್ಕನೆಯವರು ಬಂದ್ರು. ನಾನು ಗತ್ತಾಗಿ ಕೂತೆ. ಬಾಯಿ ತೆಗೆಯೋ ಮೊದ್ಲೇ ಅವರೇ ಶುರು ಮಾಡಿದ್ರು: "ರುಬ್ಬೋರು ಯಾರು? ಬಾವಿ ನೀರೋ, ನಲ್ಲಿ ನೀರೋ? ಹಿಂದಿನ ಭಟ್ಟರು ಯಾಕೆ ಓಡಿಹೋದ್ರು?"

ನಾನು ಎದ್ದು ನಿಂತು ಉತ್ತರ ಹೇಳಿದೆ. "ಯೋಚನೆ ಮಾಡ್ತೀನಿ" ಅಂತ ಹೊರಟೇ ಹೋದ್ರು.

"ಕೆಲಸ ಕೊಟ್ರಾ?" ಅಂದ್ಲು ಹೆಂಡತಿ.

"ಗೊತ್ತಿಲ್ಲ ಕಣೇ. ನಾನು ಪಾಸೋ ಫೇಲೋ ನಾಳೆ ಗೊತ್ತಾಗತ್ತೆ."

ಸತ್ಯವಂತ

ಪುಣ್ಯಕ್ಕೆ ಪಾಸಾದೆ. ಆಮೇಲೆ ಬಡಿಸೋಕೆ ಒಬ್ಬ ಬೇಕಾಯ್ತು. ರಿಟೈರ್ಡ್ ಮೇಷ್ಟ್ರೊಬ್ಬರು ತಮ್ಮ ನೆಂಟನನ್ನ ಕಳಿಸಿದ್ರು. ನಲವತ್ತು ದಾಟಿದ ಮನುಷ್ಯ, ಕೈಯಲ್ಲಿ ಚೀಟಿ: "ಪ್ರಾಣ ಹೋದರೂ ಸುಳ್ಳು ಹೇಳುವವನಲ್ಲ." ಇಂಥೋನು ಸಿಗೋದು ಪುಣ್ಯ ಅಂದ್ಕೊಂಡೆ.

ಮೊದಲ ದಿನವೇ ಗಿರಾಕಿ ಕೇಳಿದ್ರು, "ವಡೆ ಇವತ್ತಿಂದೇನಪ್ಪಾ?"

"ನಿನ್ನೇದು ಸಾರ್. ಇವತ್ತಿಂದು ಬೇಕಾದ್ರೆ ನಾಳೆ ಬನ್ನಿ."

ಟ್ರಂಕು

ಅಷ್ಟರಲ್ಲಿ ಭಟ್ಟರು, "ತಂಗಿ ಮದುವೆ ಯಜಮಾನ್ರೇ, ಊರಿಗೆ ಹೋಗಿ ಬರ್ತೀನಿ" ಅಂದ್ರು. ಹಿಂದಿನ ಮೂವರೂ ಇದನ್ನೇ ಅಂದಿದ್ರು. ನಮ್ಮ ಭಾಷೆಯೇ ಹೀಗೆ, ಹೋಗೋರೂ ಬರ್ತೀನಿ ಅಂತಾರೆ! ನಾನೇನು ದಡ್ಡನಾ? "ಟ್ರಂಕು ಇಲ್ಲೇ ಇರ್ಲಿ" ಅಂದೆ. "ಇರ್ಲಿ ಬಿಡಿ" ಅಂದ್ರು. ಎತ್ತೋಕೆ ಇಬ್ಬರು ಬೇಕಾಯ್ತು. ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಎಂಟು ದಿನವಾದ್ರೂ ಪತ್ತೆಯಿಲ್ಲ. ಬೀಗ ಒಡೆಸಿದ್ರೆ, ಒಂದು ಹರಿದ ಪಂಚೆ, ಕೆಳಗೆ ಪೂರ್ತಿ ಪಕ್ಕದ ಸೈಟಿನ ಇಟ್ಟಿಗೆ!

ವಿಚಾರಿಸಿದ್ರೆ, ಭಟ್ಟರು ಮೂರನೇ ಬ್ಲಾಕಿನ ಹೋಟೆಲಲ್ಲಿ ಕೆಲಸಕ್ಕಿದ್ರು. ಇಲ್ಲಿ ನಾನೇ ಕಾವಲಿ ಮುಂದೆ ನಿಂತೆ. ನನ್ನ ದೋಸೆ ಕಾವಲಿ ಬಿಟ್ಟು ಏಳ್ತಿರಲಿಲ್ಲ, ಗಿರಾಕಿಗಳು ಮಾತ್ರ ಎದ್ದು ಹೋಗ್ತಿದ್ರು. ಅಳು ಬರೋದೊಂದು ಬಾಕಿ.

ಒಂದು ಬೆಳಿಗ್ಗೆ ಭಟ್ಟರು ಬಂದು ಗಿರಾಕಿ ಥರ ಮೇಜಿನ ಮುಂದೆ ಕೂತ್ರು. "ಬರ್ತೀನಿ ಅಂದಿದ್ರಲ್ಲ ಭಟ್ರೇ!" ಅಂದೆ.

"ಬಂದಿದೀನಲ್ಲ! ಆ ಹೋಟೆಲ್ ಕಾಫಿ ಕುಡಿಯೋಕಾಗಲ್ಲ. ಒಂದು ದೋಸೆ, ಒಂದು ಕಾಫಿ."

ನಮ್ಮ ಸತ್ಯವಂತ ಕೂತಿರೋದು ಯಾರು ಅಂತಾನೂ ನೋಡದೆ, ಎಲ್ಲ ಗಿರಾಕಿಗಳಿಗೂ ಹೇಳೋ ಹಾಗೆ ಬಗ್ಗಿ ಹೇಳಿದ, "ದೋಸೆ ಬೇಡ ಸಾರ್, ಯಜಮಾನ್ರು ಹಾಕ್ತಿರೋದು. ಮೂರನೇ ಬ್ಲಾಕಿಗೆ ಹೋಗಿ, ಅಲ್ಲಿ ಭಟ್ಟರು ಚೆನ್ನಾಗಿ ಹಾಕ್ತಾರೆ."

ಭಟ್ಟರು ಎದ್ದು ಒಳಗೆ ಬಂದು ಕಾವಲಿ ನೋಡಿ ತಲೆ ಚಚ್ಚಿಕೊಂಡ್ರು. "ಅಯ್ಯಯ್ಯೋ, ಇದು ನಾನು ಪಳಗಿಸಿದ ಕಾವಲಿ! ಸರೀರಿ ಆ ಕಡೆ" ಅಂತ ಸಟ್ಟುಗ ಕಿತ್ಕೊಂಡ್ರು. ಸಂಜೆಯಿಂದಲೇ ಬರ್ತೀನಿ ಅಂದ್ರು. ಈ ಸಲ ನಿಜವಾಗಿ ಬಂದ್ರು.

ಮಾರನೇ ದಿನ ತರಕಾರಿ ಅಂಗಡಿಯಲ್ಲಿ ಮೂರನೇ ಬ್ಲಾಕಿನ ಯಜಮಾನರು ಸಿಕ್ಕಿದ್ರು. "ನಮ್ಮ ಭಟ್ಟರು ಊರಿಗೆ ಹೋಗಿದಾರೆ. ತಂಗಿ ಮದುವೆಯಂತೆ" ಅಂದ್ರು.

"ಬರ್ತಾರಾ?"

"ಬರ್ದೇ ಎಲ್ಲಿ ಹೋಗ್ತಾರೆ? ಟ್ರಂಕು ನನ್ನ ಹತ್ರಾನೇ ಇದೆ!"

"ಭಾರವಾಗಿದೆಯಾ?" ಅಂತ ಕೇಳಿದೆ.

"ಅದೇನು ಹಾಗೆ ಕೇಳ್ತೀರಿ? ಎತ್ತೋಕೆ ಇಬ್ಬರು ಬೇಕಾಯ್ತು ರೀ!"