ಸಾಹುಕಾರರ ಮನೆಗೂ ಮಿಲ್ಲಿಗೂ ಒಂದೇ ಫೋಲ್ಡರ್

ಈ ಪ್ರಸಂಗಗಳು ಹೋದ ವರ್ಷ ದೀಪಾವಳಿ ದಾಟಿದ ಮೇಲೆ, ಹೊಸ ಭತ್ತ ಬರುವ ಹಂಗಾಮಿನಲ್ಲಿ ನಡೆದವು. ಮನೆಯ ಕಂಪ್ಯೂಟರನ್ನೂ ಆಫೀಸಿನ ಕಂಪ್ಯೂಟರನ್ನೂ ಒಂದೇ ನೆಟ್‌ವರ್ಕಿಗೆ ಹಾಕಿದರೆ ಇಂಥವು ಆಗುತ್ತಲೇ ಇರುತ್ತವೆ. ಯಾಕೆ ಆಗುತ್ತವೆ ಎಂದು ಹುಡುಕುವುದು ನನಗೆ ಇಷ್ಟ.

ಬಿ.ಎಸ್ಸಿ. ಮುಗಿಸಿ ನಾನು ರಾಯಚೂರಿನಿಂದ ಕಲ್ಮಲಕ್ಕೆ ಹೋಗುವ ರಸ್ತೆಯ ಒಂದು ಅಕ್ಕಿ ಮಿಲ್ಲಿಗೆ ಸೇರಿದ್ದೆ. ಭತ್ತದ ತೇವ ಅಳೆಯುವುದು, ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಕೆಳಗೆ ಆಫೀಸು, ಮೇಲೆ ಮಿಲ್ಲಿನ ಮಾಲೀಕರಾದ ಸಾಹುಕಾರರ ಮನೆ. ಫೈಲುಗಳು ಪೆನ್ ಡ್ರೈವಿನಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು. ಆ ಪೆನ್ ಡ್ರೈವನ್ನು ಸಾಹುಕಾರರು ತಿಜೋರಿ ಕೀಲಿಯ ಜೊತೆ ಉಡದಾರಕ್ಕೆ ಕಟ್ಟಿಕೊಂಡಿದ್ದರು. ಫೈಲ್ ಪ್ರತಿ ಆಗುವವರೆಗೆ ಅವರೂ ಕಂಪ್ಯೂಟರಿಗೆ ಅಂಟಿಕೊಂಡು ನಿಲ್ಲಬೇಕಿತ್ತು.

ಎರಡೂ ಕಡೆ ಕಾಣುವ ಒಂದು ಫೋಲ್ಡರ್ ಮಾಡೋಣ ಎಂದೆ.

"ಮಾಡು ತಂಗಿ. ಸುಗ್ಗಿ ಮುಗಿಯೂತನಕ ನೋಡ್ತೀನಿ. ತ್ರಾಸ ಆತಂದ್ರ ವೈರ್ ಕಿತ್ತಿ ಒಗೀತೀನಿ. ನೀನೂ ಬ್ಯಾರೆ ಮಿಲ್ ನೋಡ್ಕೋಬೇಕಾಗ್ತದ."

ನನ್ನ ನೌಕರಿ ಎರಡೂ ಕಂಪ್ಯೂಟರುಗಳನ್ನು ಜೋಡಿಸುವ ಒಂದು ನೀಲಿ ವೈರಿಗೆ ಜೋತುಬಿತ್ತು.

ಪೂಜೆಯ ಹೊತ್ತು

ದಿನಾ ಬೆಳಿಗ್ಗೆ ಮೊದಲ ಲಾರಿ ಬರುವ ಹೊತ್ತಿಗೆ ಫೋಲ್ಡರ್ ಮಾಯ. ಆಮೇಲೆ ತಾನೇ ಬರುತ್ತಿತ್ತು. ವೈರ್ ಬದಲಿಸಿದೆ. ವೋಲ್ಟೇಜ್ ಅಳೆದೆ. ಭಾನುವಾರವೂ ಹೀಗಾಗುತ್ತದೆಯೇ ಎಂದು ಬಂದು ನೋಡಿದೆ. ಆಗುತ್ತಿತ್ತು. ಕೊನೆಗೆ ಮೇಲೆ ಹೋಗಿ, ಆ ವೈರ್ ಸೇರುವ ರೌಟರ್ ಪಕ್ಕದಲ್ಲೇ ಕೂತೆ.

ಸಾಹುಕಾರರ ತಾಯಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದರು. ರೌಟರಿನ ಸ್ವಿಚ್ ಆರಿಸಿ ಲಿಂಗಪೂಜೆಗೆ ಕೂತರು.

"ಯವ್ವಾ, ಅದನ್ಯಾಕ ಆರಿಸಿದ್ರಿ?"

"ಮಿಣಿಮಿಣಿ ಅಂತದವ್ವ. ಕಣ್ಣು ಮುಚ್ಚಿದ್ರೂ ಕಾಣ್ತದ. ಮನಸ್ಸು ನಿಂದ್ರೂದಿಲ್ಲ."

ಬಟ್ಟೆ ಮುಚ್ಚೋಣ ಎಂದೆ. ಒಪ್ಪಿದರು. ಮರುದಿನ ಫೋಲ್ಡರ್ ಎಲ್ಲೂ ಹೋಗಲಿಲ್ಲ. ಮೇಲೆ ಹೋಗಿ ನೋಡಿದರೆ ಬಟ್ಟೆಗೆ ವಿಭೂತಿ, ಅದರ ಮೇಲೊಂದು ಕಣಗಿಲೆ ಹೂವು.

"ಮುಚ್ಚಿಟ್ಟಮ್ಯಾಲ ಒಳಗ ಏನದ ಅಂತ ಯಾರಿಗೆ ಗೊತ್ತು? ಇರ್ಲಿ ಅಂತ ಏರಿಸೀನಿ" ಎಂದರು.

ಕಪ್ಪೆ ಹೋದ ದಾರಿ

ಸಾಹುಕಾರರ ಮಗಳು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಒಂದು ದಿನ ಮೇಲಿಂದ ಪಾಠದ ಚಿತ್ರ ಪ್ರಿಂಟ್ ಕೊಟ್ಟರು. ಅದು ಕೆಳಗೆ ಆಫೀಸಿನ ಪ್ರಿಂಟರಿನಲ್ಲಿ, ದೇವದುರ್ಗಕ್ಕೆ ಹೊರಟ ಲಾರಿಯ ಗೇಟ್ ಪಾಸಿಗಿಂತ ಮೊದಲು ಬಂತು. ನಮ್ಮ ವಾಚ್‌ಮನ್ ಆ ಪ್ರಿಂಟರಿನಿಂದ ಬಂದದ್ದಕ್ಕೆಲ್ಲ ಸಿಕ್ಕಾ ಹೊಡೆಯುತ್ತಾನೆ. ಇದಕ್ಕೂ ಹೊಡೆದ. ಲಾರಿ ಹೋಯಿತು.

ಮಧ್ಯಾಹ್ನ ದೇವದುರ್ಗದ ಅಂಗಡಿಯವರು ಫೋನ್ ಮಾಡಿದರು.

"ಮಾಲು ಬರೋಬರಿ ಅದ. ಆದ್ರ ಪಾಸಿನ್ಯಾಗ ಒಂದು ಕಪ್ಪಿ ಹೊಟ್ಟಿ ಸೀಳಿಸ್ಕೊಂಡು ಮಲಗೇದಲ್ರೀ."

ಸಾಹುಕಾರರು ನನ್ನನ್ನು ನೋಡಿದರು. ಆಮೇಲೆ ವೈರನ್ನು ನೋಡಿದರು. "ಅದನ್ನೇನು ಮಾಡಿದ್ರಿ?" ಎಂದು ಫೋನಿನಲ್ಲಿ ಕೇಳಿದರು.

"ಸಿಕ್ಕಾ ನಿಮ್ದ ಅದ. ಮಾಲು ಮುಟ್ಟೇದ ಅಂತ ಕಪ್ಪಿ ಕಾಲ ಬುಡಕ ಸಹಿ ಮಾಡಿ ಕಳಿಸೀನಿ."

ಟವಲ್

ಒಮ್ಮೆ ಸಾಹುಕಾರರು ಮೇಲೆ ಒಂದು ಫೈಲ್ ತೆರೆದಿಟ್ಟು ಕೆಳಗೆ ಬಂದರು. ಇಲ್ಲಿ ಅದನ್ನೇ ಒತ್ತಿದರೆ, 'ಫೈಲ್ ಬೇರೆಯವರ ಬಳಕೆಯಲ್ಲಿದೆ' ಎಂದು ಬಂತು.

"ಮ್ಯಾಲ ಯಾರೋ ಹೊಕ್ಕಾರ!"

"ಯಾರೂ ಇಲ್ರೀ. ನೀವ ತೆರೆದಿಟ್ಟು ಬಂದೀರಿ. ಬಸ್ಸಿನ್ಯಾಗ ಸೀಟಿಗೆ ಟವಲ್ ಹಾಕಿ ಇಳಿದಂಗ. ಅದನ್ನ ತಗಿಯೂತನಕ ಬ್ಯಾರೆಯವ್ರಿಗೆ ಜಾಗಾ ಇಲ್ಲ."

ಸಾಹುಕಾರರು ಅರ್ಥವಾದವರಂತೆ ತಲೆಯಾಡಿಸಿ, ವಾಚ್‌ಮನ್‌ನನ್ನು ಮೇಲೆ ಕಳಿಸಿದರು. ಅವನು ಅವರ ಕುರ್ಚಿಯ ಮೇಲಿದ್ದ ಟವಲ್ ತಂದುಕೊಟ್ಟ. ಅದನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಫೈಲ್ ಒತ್ತಿದರು.

"ಟವಲ್ ತಂದಮ್ಯಾಲೂ ತೆಗೀವಲ್ದಲ್ಲ ತಂಗಿ!"

ಇಂದಿನ ದರ

ಲಾರಿ ತೂಗುವ ಕಾಟಾದ ಹತ್ತಿರ, ರೈತರು ಕೂರುವಲ್ಲಿ ಒಂದು ಟಿ.ವಿ. ಇದೆ. 'ಇಂದಿನ ದರ' ಎಂಬ ಫೋಲ್ಡರಿನಲ್ಲಿ ಇರುವ ಚಿತ್ರಗಳನ್ನು ಅದು ಒಂದಾದ ಮೇಲೊಂದು ತೋರಿಸುತ್ತದೆ. ಬೆಳಿಗ್ಗೆ ದರದ ಚಿತ್ರ ಹಾಕುವವರು ಸಾಹುಕಾರರೇ. ಅವರಿಗೆ ಹಾಕಲು ಬರುತ್ತಿದ್ದ ಫೋಲ್ಡರ್ ಅದೊಂದೇ.

ಸುಗ್ಗಿಯ ಕೊನೆಯ ವಾರ. ಮಗಳ ಮದುವೆಗೆಂದು ಮಧ್ಯಸ್ಥಗಾರ ಹುಡುಗರ ಫೋಟೊಗಳನ್ನು ಕಳಿಸಿದ್ದ. ಅವರಲ್ಲಿ ಕೋಟು ಹಾಕಿದ ಹುಡುಗ ಸಾಹುಕಾರರ ಮನಸ್ಸಿಗೆ ಬಂದಿದ್ದ. ಸೋಮವಾರ ಮಾತು ಮುಗಿಸಲು ಹೋಗುವವರಿದ್ದರು. ತಾಯಿಯೂ ಮೇಲಿನ ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಲಿ ಎಂದು, ಎಲ್ಲ ಫೋಟೊಗಳನ್ನೂ ತಮಗೆ ಗೊತ್ತಿದ್ದ ಫೋಲ್ಡರಿಗೆ ಹಾಕಿದರು.

ಹೊರಗೆ ಗದ್ದಲ ಕೇಳಿ ಹೋದೆ. ಟಿ.ವಿ.ಯಲ್ಲಿ ಸೋನಾ ಮಸೂರಿಯ ದರ ಸರಿಯಿತು. ಕೋಟಿನ ಹುಡುಗ ಬಂದ.

"ಕಾಳು ಛಲೋ ಅದ. ತುಸು ಹಸಿ ಕಾಣ್ತದ" ಎಂದ ಒಬ್ಬ ರೈತ.

"ಕ್ವಿಂಟಲಿಗೆ ಏನ ಹೇಳ್ಯಾರ?" ಎಂದ ಇನ್ನೊಬ್ಬ.

ಸಾಹುಕಾರರು ಓಡಿ ಬಂದು ಟಿ.ವಿ. ನೋಡಿದರು. ಸೀದಾ ಒಳಗೆ ಹೋಗಿ ನೀಲಿ ವೈರಿಗೆ ಕೈ ಹಾಕಿದರು.

"ಸಾಕು ತಂಗಿ. ಮನಿ ಮರ್ಯಾದಿ ಕಾಟಾದ ಮ್ಯಾಲ ಬಂತು. ನಾಳಿಂದ ಬರಬ್ಯಾಡ."

ಅಷ್ಟರಲ್ಲಿ ಮಾನ್ವಿ ಕಡೆಯ ಒಬ್ಬ ಮುದುಕ ರೈತ ಬಾಗಿಲಿಗೆ ಬಂದ.

"ಸಾಹುಕಾರ್ರ, ಆ ಕೋಟಿನ ಹುಡುಗ ನಮ್ಮ ಓಣ್ಯಾಗಿನಾಂವ. ಅವನ ಫೋಟೊ ಯಾಕ ಹಾಕೀರಿ?"

"ಯಾಕ? ಹುಡುಗ ಛಲೋ ಇಲ್ಲೇನು?"

"ಛಲೋ ಅದಾನ್ರೀ. ಹೋದ ಬ್ಯಾಸಿಗ್ಯಾಗ ಲಗ್ನ ಆಗೇದ. ನಾನ ಉಂಡು ಬಂದೀನಿ."

ಸಾಹುಕಾರರ ಕೈ ವೈರಿನ ಮೇಲೆಯೇ ನಿಂತಿತು. ಗದ್ದಲಕ್ಕೆ ಕೆಳಗೆ ಬಂದಿದ್ದ ಮಗಳು ಮೆಟ್ಟಿಲ ಮೇಲಿಂದಲೇ ಹೇಳಿದರು: "ಯಪ್ಪಾ, ವೈರ್ ಬಿಡು. ಆ ಮಧ್ಯಸ್ಥಗಾರನ್ನ ಕಿತ್ತಿ ಒಗಿ."

ಸಾಹುಕಾರರು ವೈರ್ ಬಿಟ್ಟರು. ಅದು ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಒತ್ತಿಯೂ ನೋಡಿದರು.

"ಟಿ.ವಿ. ಆರಿಸಬ್ಯಾಡ ತಂಗಿ" ಎಂದರು. "ಮಾನ್ವಿಯವ್ರು, ದೇವದುರ್ಗದವ್ರು ಎಲ್ಲಾರೂ ಕುಂತಾರ. ಉಳದವರ್ನೂ ನೋಡೇ ಬಿಡ್ಲಿ."

"ನಾಳಿ ಬರ್ಲೇನ್ರೀ?"

"ಲಗೂನ ಬಾ."

ಮಗಳು ಒಂದು ಕುರ್ಚಿ ಎಳೆದುಕೊಂಡು ಹೋಗಿ ರೈತರ ಪಕ್ಕ ಕೂತರು. ನಾನು ಫೋಲ್ಡರ್ ತೆರೆದು ನೋಡಿದೆ. ಇನ್ನೂ ಹನ್ನೊಂದು ಮಂದಿ ಹುಡುಗರಿದ್ದರು.